ಗಿರಿಜಮ್ಮ ಟೀಚರ ಕ್ಯಾಮೆರಾ, ನನ್ನ ಟಚಿಂಗ್

ಹಕ್ಕಿ ಫೋಟೊ ತೆಗೆಯಲು ಕ್ಯಾಮೆರಾ ಕೊಳ್ಳುವವರೂ, ಅಂಥವರಿಗೆ ಬುದ್ಧಿ ಹೇಳುವ ಕೆಲಸಕ್ಕೆ ಇಳಿದ ಹೊಸಬರೂ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಎರಡನೆಯವರು ಎರಡು ಸಲ ಓದಬೇಕು. ಚನ್ನಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ಮೂವತ್ತನಾಲ್ಕು ವರ್ಷ ಸ್ಟುಡಿಯೊ ನಡೆಸಿ, ಮೊಣಕಾಲು ಇನ್ನು ಸಾಕು ಎಂದ ಮೇಲೆ ಬಾಗಿಲು ಹಾಕಿದವನು ನಾನು, ಹಾಲೇಶಪ್ಪ. ಎಷ್ಟು ಮದುವೆ ತೆಗೆದೆನೆಂಬುದು ನೆನಪಿಲ್ಲ. ಅವುಗಳಲ್ಲಿ ಎಷ್ಟು ಉಳಿದವು ಎಂದು ಕೇಳಬೇಡಿ, ಅದು ಫೋಟೊಗ್ರಾಫರನ ಜವಾಬ್ದಾರಿ ಅಲ್ಲ. ಶಾಲು, ಸನ್ಮಾನ, ಫಲಕಗಳ ವಿಷಯವನ್ನೂ ಬಿಡುತ್ತೇನೆ. ಒಂದು ಫಲಕ ಮಾತ್ರ ಈಗಲೂ ಉಪಯೋಗಕ್ಕೆ ಬರುತ್ತಿದೆ. ಹಿತ್ತಲ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಅದನ್ನು ಅಡ್ಡ ಇಟ್ಟಿದ್ದೇನೆ.

ಕೆಲಸ ಕಲಿತದ್ದು ಸಂತೇಬೆನ್ನೂರಿನಲ್ಲಿ, ಪರಮೇಶಣ್ಣನ ಸ್ಟುಡಿಯೊದಲ್ಲಿ, ರೀಲಿನ ಕಾಲದಲ್ಲಿ. ಫೋಟೊ ಚೆನ್ನಾಗಿ ಬಂದರೆ ಪರಮೇಶಣ್ಣ ಕ್ಯಾಮೆರಾವನ್ನು ಹೊಗಳುತ್ತಿದ್ದ, ಕೆಟ್ಟರೆ ನನ್ನನ್ನು ಬೈಯುತ್ತಿದ್ದ. ಅವನ ಪಾಠಗಳಲ್ಲಿ ಮೂರು ನನ್ನ ಮೈಗೆ ಅಂಟಿಕೊಂಡವು. ಗುಂಪು ಫೋಟೊ ಎಂದರೆ ಲೆನ್ಸಿನ ಕಿಂಡಿಯನ್ನು ಆದಷ್ಟು ಕಿರಿದು ಮಾಡಬೇಕು, ಅಂದರೆ ಹದಿನಾರರ ಅಂಕಿಗೆ ತಿರುಗಿಸಬೇಕು. ಆಗ ಮುಂದಿನ ಸಾಲಿನ ಮದುಮಗಳಿಂದ ಹಿಂದಿನ ಸಾಲಿನ ಸೋದರಮಾವನವರೆಗೆ ಎಲ್ಲ ಮುಖಗಳೂ ಸ್ಪಷ್ಟ. ಆಲ್ಬಮ್ ನೋಡಿ ಗಲಾಟೆ ತೆಗೆಯುವವನು ಯಾವಾಗಲೂ ಆ ಹಿಂದಿನ ಸಾಲಿನ ಸೋದರಮಾವನೇ. ಇನ್ನೊಂದು ಪಾಠ, ಸ್ಟುಡಿಯೊದಿಂದ ಹೊರಗೆ ಹೋಗುವ ಮುಖದ ಮೇಲೆ ಒಂದೂ ಚುಕ್ಕೆ ಇರಬಾರದು. ಇದಕ್ಕೆ ನಮ್ಮಲ್ಲಿ ಟಚಿಂಗ್ ಎನ್ನುತ್ತಾರೆ. ಮೊದಲು ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು, ಆಮೇಲೆ ಕಂಪ್ಯೂಟರಿನ ಮೌಸ್ ಹಿಡಿದು, ಈ ತಾಲ್ಲೂಕಿನ ಮೊಡವೆ, ಮಚ್ಚೆ, ಸಿಡುಬಿನ ಕಲೆಗಳನ್ನೆಲ್ಲ ನಾನು ಅಳಿಸಿದ್ದೇನೆ. ನನ್ನ ಆಲ್ಬಮ್ ನಂಬಿ ಹೆಣ್ಣು ಒಪ್ಪಿದ ಗಂಡಿನ ಕಡೆಯವರು ಎದುರಿಗೆ ಸಿಕ್ಕರೆ ನಾನು ರಸ್ತೆ ದಾಟಿ ಹೋಗುತ್ತಿದ್ದೆ.

ಮೂರನೆಯದು ಪೂಜೆ. ಆಯುಧಪೂಜೆ ಇರಲಿ, ಹೊಸ ಸಾಮಾನು ಬಂದ ದಿನವಿರಲಿ, ಎಲ್ಲವನ್ನೂ ಬಿಡಿಬಿಡಿಯಾಗಿ ತಟ್ಟೆಯಲ್ಲಿ ಇಡಬೇಕು: ಬಾಡಿ ಬೇರೆ, ಲೆನ್ಸ್ ಬೇರೆ, ಫ್ಲ್ಯಾಶ್ ಬೇರೆ, ಸ್ಟ್ಯಾಂಡಿನ ಮೂರು ಕಾಲಿಗೂ ಬೇರೆ ಬೇರೆ ಕುಂಕುಮ. ಜೋಡಿಸಿಟ್ಟು ಪೂಜೆ ಮಾಡಿದರೆ ಅದು ಒಂದಕ್ಕೆ ಮಾತ್ರ ಸಲ್ಲುತ್ತದೆ, ಉಳಿದವು ಮುನಿಸಿಕೊಳ್ಳುತ್ತವೆ ಎಂಬುದು ಪರಮೇಶಣ್ಣನ ಸಿದ್ಧಾಂತ. ಮೂವತ್ತನಾಲ್ಕು ವರ್ಷ ಈ ಮೂರು ಪಾಠಗಳು ನನ್ನನ್ನು ಸಾಕಿದವು. ಮೂರೂ ಕೂಡಿಕೊಂಡು ಕೈಕೊಟ್ಟದ್ದು ಹೊನ್ನಾಳಿಯಲ್ಲಿ, ಅದೂ ನಾನು ನಿವೃತ್ತನಾದ ಮೇಲೆ.

ನಿವೃತ್ತನಾದೆ ಎಂದರೆ ಸ್ಟುಡಿಯೊ ಮುಚ್ಚಿದೆ, ಬಾಯಿ ಮುಚ್ಚಲಿಲ್ಲ. ಅಷ್ಟರಲ್ಲಿ ನಮ್ಮ ಕಡೆ ಹಕ್ಕಿ ಫೋಟೊದ ಹುಚ್ಚು ಹತ್ತಿತ್ತು. ಭಾನುವಾರ ಬೆಳಿಗ್ಗೆ ಸೂಳೆಕೆರೆ ಏರಿಯ ಮೇಲೆ ನಿಂತರೆ ನೀರಿನಲ್ಲಿರುವ ಬಾತುಗಳಿಗಿಂತ ದಂಡೆಯಲ್ಲಿರುವ ಲೆನ್ಸುಗಳೇ ಹೆಚ್ಚು ಕಾಣುತ್ತಿದ್ದವು. ಎಲ್ಲರ ಬಾಯಲ್ಲೂ ಮಿರರ್‌ಲೆಸ್. ಹಳೆಯ ಕ್ಯಾಮೆರಾದ ಒಳಗೆ ಒಂದು ಕನ್ನಡಿ ಇರುತ್ತಿತ್ತು; ಗುಂಡಿ ಒತ್ತಿದರೆ ಅದು ಟಪ್ಪೆಂದು ಮೇಲೆದ್ದು ದಾರಿ ಬಿಡುತ್ತಿತ್ತು. ಹೊಸದರಲ್ಲಿ ಆ ಕನ್ನಡಿಯೇ ಇಲ್ಲ. ಅದರಿಂದ ತೂಕ ಕಡಿಮೆ, ಸದ್ದು ಕಡಿಮೆ, ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ. ಯಾವುದು ತಗೊಳ್ಳಲಿ ಎಂದು ಕೇಳಿಕೊಂಡು ಜನ ನನ್ನ ಮನೆಗೆ ಬರತೊಡಗಿದರು. ನಾನು ಕಾಸು ಕೇಳದ ಸಲಹೆಗಾರನಾದೆ, ಹಾಗಾಗಿ ನನ್ನನ್ನು ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ.

ನಲ್ಲೂರಿನ ಅಡಿಕೆ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರು ಸಲಹೆಯನ್ನೂ ಕೇಳಲಿಲ್ಲ. ಅಂಗಡಿಗೆ ಹೋಗಿ ಎಲ್ಲಕ್ಕಿಂತ ದೊಡ್ಡದು ಕೊಡಿ ಎಂದು ತಂದುಬಿಟ್ಟಿದ್ದರು. ಆರುನೂರು ಎಂಎಂ ಲೆನ್ಸ್, ಆಗತಾನೆ ಹುಟ್ಟಿದ ಮಗುವಿನಷ್ಟು ಭಾರ. ಅವರು ಅದನ್ನು ಎತ್ತಿ ಕಣ್ಣಿಗೆ ಇಟ್ಟುಕೊಳ್ಳುವಷ್ಟರಲ್ಲಿ ಹಕ್ಕಿ ಮುಂದಿನ ಊರು ತಲುಪಿರುತ್ತಿತ್ತು. ಎರಡು ತಿಂಗಳಲ್ಲಿ ಅದು ಅವರ ಮನೆಯ ಮಹಡಿಯ ಮೇಲೆ ಸ್ಟ್ಯಾಂಡ್ ಏರಿ ಕುಳಿತಿತು. ಅಲ್ಲಿಂದ ಅವರು ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಆಳುಗಳು ಬೀಡಿಗೆಂದು ಎಷ್ಟು ಹೊತ್ತು ಕೂರುತ್ತಾರೆ ಎಂದು ನೋಡುತ್ತಿದ್ದರು. ಆಳುಗಳೂ ಬುದ್ಧಿವಂತರು, ಮಹಡಿಗೆ ಬೆನ್ನು ಹಾಕಿ ಸೇದುವುದನ್ನು ಕಲಿತರು.

ಗಿರಿಜಮ್ಮ ಟೀಚರ್ ನನ್ನ ಮನೆಗೆ ಬಂದದ್ದು ಸಂಕ್ರಾಂತಿ ಕಳೆದ ವಾರ. ಹೊನ್ನಾಳಿಯ ಪ್ರೈಮರಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನನ್ನ ಭುಜಕ್ಕೂ ಬಾರದ ಎತ್ತರ, ಆದರೆ ಅವರು ಕೂತ ಮೇಲೂ ನಾನು ನಿಂತೇ ಇದ್ದೆ, ಕೂರಬಹುದೋ ಇಲ್ಲವೋ ಗೊತ್ತಾಗಲಿಲ್ಲ. ಅವರ ಬಲಗೈ ಸಣ್ಣಗೆ ನಡುಗುತ್ತಿತ್ತು. ಅದನ್ನು ಸೆರಗಿನಲ್ಲಿ ಮುಚ್ಚದೆ ಮೇಜಿನ ಮೇಲೆ ಇಟ್ಟರು.

"ಈ ಕೈಗೆ ಯಾವ ಕ್ಯಾಮೆರಾ ಆಗ್ತೈತೆ ನೋಡ್ರಿ ಹಾಲೇಶಪ್ಪನೋರೆ. ಉಳಿದ ಮಾತು ಆಮೇಲೆ."

ಉಳಿದ ಮಾತು ಇಷ್ಟು. ಹೊನ್ನಾಳಿಯಿಂದ ಸ್ವಲ್ಪ ಕೆಳಗೆ, ಬೇಸಿಗೆಗೆ ಹೊಳೆ ಇಳಿದಾಗ ನಡುವೆ ಒಂದು ಮರಳುದಿಬ್ಬ ಏಳುತ್ತದೆ. ಅದರ ಮೇಲೆ ನದಿ ರೀವ ಎಂಬ ಹಕ್ಕಿಗಳು ಬಂದು ಮೊಟ್ಟೆ ಇಡುತ್ತವೆ. ಕಪ್ಪು ನೆತ್ತಿ, ಹಳದಿ ಕೊಕ್ಕು, ಕತ್ತರಿಯಂಥ ಬಾಲ. ಗೂಡು ಕಟ್ಟುವ ತಾಪತ್ರಯವಿಲ್ಲ. ಮರಳಿನಲ್ಲಿ ಎದೆ ಉಜ್ಜಿ ಗುಳಿ ಮಾಡಿದರೆ ಮುಗಿಯಿತು. ಹೋದ ಬೇಸಿಗೆಯಲ್ಲಿ ಊರಿನ ಹುಡುಗರು ಟೆನಿಸ್ ಬಾಲ್ ಟೂರ್ನಮೆಂಟ್ ಎಂದು ಅದೇ ದಿಬ್ಬಕ್ಕೆ ಟ್ರ್ಯಾಕ್ಟರ್ ಇಳಿಸಿ ಮಟ್ಟ ಮಾಡಿಸಿ, ಮ್ಯಾಟ್ ಹಾಸಿ ಮೂರು ದಿನ ಆಡಿದರು. ಆಟ ಮುಗಿದ ಮೇಲೆ ಟೀಚರ್ ಹೋಗಿ ನೋಡಿದರೆ ಉಳಿದದ್ದು ಮೊಟ್ಟೆಯ ಓಡು ಮಾತ್ರ. ಅವನ್ನು ಆರಿಸಿ ಒಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದರು. ಪೊಟ್ಟಣ ತೆರೆದು ನನಗೂ ತೋರಿಸಿದರು.

ಟೂರ್ನಮೆಂಟ್ ನಡೆಸುವವನು ಮಂಜ, ಅವರ ಹಳೆಯ ವಿದ್ಯಾರ್ಥಿ, ಈಗ ಸಿಮೆಂಟ್ ಅಂಗಡಿ ಇಟ್ಟವನು. ಕೆಟ್ಟವನಲ್ಲ. ಅಲ್ಲಿ ಮೊಟ್ಟೆ ಇರಲೇ ಇಲ್ಲ, ಇದ್ದಿದ್ದರೆ ತುಳಿಯುತ್ತಿದ್ದೆವಾ ಎಂದು ಕೇಳಿದ್ದ. ಓಡು ತೋರಿಸಿದರೆ ಕಾಗೆ ಎಲ್ಲಿಂದಲೋ ತಂದು ಹಾಕಿರಬೇಕು ಎಂದಿದ್ದ. ಅವನನ್ನು ದಿಬ್ಬಕ್ಕೇ ಕರೆದುಕೊಂಡು ಹೋಗಿ ತೋರಿಸುವಂತಿಲ್ಲ. ಮನುಷ್ಯರು ಹತ್ತಿರ ಬಂದರೆ ಹಕ್ಕಿ ಏಳುತ್ತದೆ, ಹತ್ತು ನಿಮಿಷ ಬಿಸಿಲು ಬಿದ್ದರೆ ಮೊಟ್ಟೆ ಬೆಂದೇ ಹೋಗುತ್ತದೆ. ದಡದಿಂದ ಬರಿಗಣ್ಣಿಗೆ ಮೊಟ್ಟೆಯೂ ಮರಳೂ ಒಂದೇ. ಆದ್ದರಿಂದ ದಡದಲ್ಲಿ ಕುಳಿತು, ಹಕ್ಕಿ ಎದ್ದ ಗಳಿಗೆಯಲ್ಲಿ, ಮೊಟ್ಟೆ ಕಾಣುವಂತೆ ಫೋಟೊ ತೆಗೆಯಬೇಕು. ಮುಂದಿನ ಟೂರ್ನಮೆಂಟಿಗೆ ಟ್ರ್ಯಾಕ್ಟರ್ ಇಳಿಯುವ ಮುಂಚೆ ಅದು ಮಂಜನ ಕೈಯಲ್ಲಿರಬೇಕು. ಕ್ಯಾಮೆರಾ ಕೊಳ್ಳಲು ಬಂದವರಲ್ಲಿ ಯಾಕೆ ಬೇಕು ಎಂದು ಇಷ್ಟು ಸ್ಪಷ್ಟವಾಗಿ ಹೇಳಿದವರನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಕೊಳ್ಳುವ ಮುಂಚೆ ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕೆಂದು ಟೀಚರ್ ಪಟ್ಟು ಹಿಡಿದರು. ಮಲ್ಲಿಕಾರ್ಜುನಪ್ಪನವರಿಗೆ ತಮ್ಮ ಲೆನ್ಸ್ ತೋರಿಸುವುದೆಂದರೆ ಹಬ್ಬ. ಕಾರಿನಲ್ಲೇ ಕೂರಿಸಿಕೊಂಡು ಜಗಳೂರಿನ ಕಡೆ ಕುರುಚಲು ಕಾಡಿಗೆ ಕರೆದೊಯ್ದರು. ಅಲ್ಲಿ ಕೊಂಡುಕುರಿ ಇದೆ, ನಾಲ್ಕು ಕೊಂಬಿನ ಪುಟ್ಟ ಜಿಂಕೆಯಂಥ ಪ್ರಾಣಿ, ಮಹಾ ನಾಚಿಕೆಯದು. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ನೀರಿನ ಗುಂಡಿಯ ಎದುರು ಕುಳಿತೆವು. ಟೀಚರಿಗೆ ತೋರಿಸುವುದಕ್ಕೆಂದು ಕ್ಯಾಮೆರಾ ನಾನು ಹಿಡಿದೆ. ಹತ್ತಿರದ ಒಂದು ಕಲ್ಲಿನ ಮೇಲೆ ಫೋಕಸ್ ಇಟ್ಟು ಗುಂಡಿ ಒತ್ತಿದೆ. ಸದ್ದೇ ಇಲ್ಲ. ಗಟ್ಟಿಯಾಗಿ ಒತ್ತಿದೆ. ಆಗಲೂ ಇಲ್ಲ. ಮೂವತ್ತನಾಲ್ಕು ವರ್ಷ ಟಪ್ಪೆನ್ನುವ ಸದ್ದನ್ನೇ ನಂಬಿ ಬದುಕಿದ ಬೆರಳು ನನ್ನದು. ಅದನ್ನು ಗುಂಡಿಯ ಮೇಲಿಂದ ಎತ್ತದೆ, ಲೆನ್ಸ್ ಕೆಟ್ಟಿದೆ ಎಂದು ಮಲ್ಲಿಕಾರ್ಜುನಪ್ಪನವರಿಗೆ ಸಮಾಧಾನ ಹೇಳುತ್ತ ಕುಳಿತೆ. ಅವರು ಕ್ಯಾಮೆರಾವನ್ನು ಸದ್ದಿಲ್ಲದೆ, ಬೆರಳು ಎತ್ತುವವರೆಗೂ ತೆಗೆಯುತ್ತಲೇ ಇರುವ ಮೋಡಿನಲ್ಲಿ ಇಟ್ಟಿದ್ದರು, ಇಟ್ಟದ್ದು ಅವರಿಗೂ ಮರೆತಿತ್ತು. ಕೊಂಡುಕುರಿ ನಿಜವಾಗಿಯೂ ಬಂದು, ನಮ್ಮ ಕಡೆ ತಲೆಯೆತ್ತಿ ನೋಡಿ, ನಿಧಾನವಾಗಿ ನೀರು ಕುಡಿಯತೊಡಗಿದಾಗ ಕ್ಯಾಮೆರಾ ಕಾರ್ಡ್ ತುಂಬಿದೆ ಎಂದು ಬರೆದು ತೋರಿಸಿತು. ಒಂದೇ ಕಲ್ಲಿನ ಸಾವಿರಾರು ಫೋಟೊ ಅದರಲ್ಲಿದ್ದವು.

ಟೀಚರ್ ಮಾತ್ರ ಕೊಂಡುಕುರಿಯನ್ನು ಕಣ್ತುಂಬ ನೋಡಿದರು. ವಾಪಸು ಬರುವಾಗ, ಸದ್ದು ಮಾಡದ್ದು ಬೇಕು, ಇಷ್ಟು ಭಾರದ್ದು ಬೇಡ ಎಂದು ತೀರ್ಪು ಕೊಟ್ಟರು. ಭಾರವನ್ನು ಅಳೆಯುವ ಉಪಾಯವನ್ನೂ ಅವರೇ ಕಂಡುಕೊಂಡಿದ್ದರು. ಲೆನ್ಸನ್ನು ಕಣ್ಣಿಗೆ ಎತ್ತಿ ಹಿಡಿದು ಹದಿಮೂರರ ಮಗ್ಗಿ ಹೇಳುವುದು. ಮಲ್ಲಿಕಾರ್ಜುನಪ್ಪನವರ ಲೆನ್ಸ್ ಹಿಡಿದು ಐವತ್ತೆರಡಕ್ಕೆ ಬರುವಷ್ಟರಲ್ಲಿ ಅವರ ತೋಳು ಇಳಿದಿತ್ತು. ಮಲ್ಲಿಕಾರ್ಜುನಪ್ಪನವರು ತಾವೂ ಪ್ರಯತ್ನಿಸಿ ಮೂವತ್ತೊಂಬತ್ತರಲ್ಲಿ ನಿಂತರು, ಅದು ತೋಳಿನ ತೊಂದರೆಯಲ್ಲ ಮಗ್ಗಿಯದು ಎಂದರು. ಇವತ್ತಿಗೂ ನನ್ನನ್ನು ಕೇಳುವವರಿಗೆ ನಾನು ಹೇಳುವ ಮೊದಲ ಮಾತು ಇದೇ: ಅಂಗಡಿಯಲ್ಲಿ ನಿಂತು ಮಗ್ಗಿ ಹೇಳಿ. ಅಂಗಡಿಯವನು ನಗುತ್ತಾನೆ, ನಗಲಿ.

ಲೆನ್ಸನ್ನು ಮೊದಲು ಆರಿಸಬೇಕು, ಬಾಡಿ ಆಮೇಲೆ. ಜನ ಇದನ್ನು ಉಲ್ಟಾ ಮಾಡುತ್ತಾರೆ. ಟೀಚರಿಗೆ ನೂರರಿಂದ ನಾನೂರರ ಜೂಮ್ ಸಾಕು ಎಂದೆ. ಬಾಡಿ ಸಣ್ಣ ಸೆನ್ಸರಿನದು ಇರಲಿ. ಅದರಲ್ಲಿ ನಾನೂರು ಎಂಎಂ ಆರುನೂರರಷ್ಟು ಹತ್ತಿರ ಕಾಣುತ್ತದೆ, ತೂಕ ಅರ್ಧ. ಬಾಡಿಯ ಒಳಗೆ ಕೈನಡುಕ ತಡೆಯುವ ವ್ಯವಸ್ಥೆ ಇರಲೇಬೇಕು. ಅದು ನಿಮ್ಮ ಕೈಯನ್ನು ನಿಲ್ಲಿಸುತ್ತದೆ, ಹಕ್ಕಿಯನ್ನು ನಿಲ್ಲಿಸುವುದಿಲ್ಲ ಎಂದೂ ಹೇಳಿದೆ. ಹಕ್ಕಿ ನಿಲ್ಲುವುದು ಹಕ್ಕಿಗೆ ಬಿಟ್ಟದ್ದು ಎಂದು ಅವರು ತಲೆಯಾಡಿಸಿದರು. ಬಾಡಿ ಹೊಸದು ಬಂತು. ಲೆನ್ಸ್ ಮಾತ್ರ ನ್ಯಾಮತಿಯ ಒಬ್ಬ ದನದ ಡಾಕ್ಟರದು. ಹಕ್ಕಿಗಳ ಸಹವಾಸ ಬೇಸತ್ತು ಮಾರಲು ಇಟ್ಟಿದ್ದರು. ದನಗಳಾದರೆ ಹಿಡಿದುಕೊಂಡರೆ ನಿಲ್ಲುತ್ತವೆ ಎಂದರು. ಹಳೆಯ ಲೆನ್ಸ್ ಕೊಳ್ಳುವಾಗ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಒಳಗೆ ಬೂಷ್ಟು ಬಂದಿದೆ ಎಂದರ್ಥ. ಡಾಕ್ಟರ ಲೆನ್ಸ್ ಶುದ್ಧವಾಗಿತ್ತು. ಅಲ್ಲಿಯವರೆಗೆ ನಾನು ಒಂದು ತಪ್ಪೂ ಮಾಡಿರಲಿಲ್ಲ, ಅದಕ್ಕೇ ತಲೆ ತಿರುಗಿತೋ ಏನೋ.

ಶುಕ್ರವಾರ ಹೊನ್ನಾಳಿಯಲ್ಲಿ ಟೀಚರ ಮನೆಯಲ್ಲಿ ಪೂಜೆ ಇಟ್ಟೆ. ಅದೆಲ್ಲ ಬೇಕಾ ಎಂದು ಅವರು ಕೇಳಿದರು. ಬೇಕೇಬೇಕು ಎಂದೆ. ಬಾಡಿ ಬೇರೆ, ಲೆನ್ಸ್ ಬೇರೆ, ತಟ್ಟೆಯಲ್ಲಿ ಹೂವು, ಊದುಬತ್ತಿ, ಬಟ್ಟಲು ತುಂಬ ಒಳ್ಳೆಯ ನುಣ್ಣನೆಯ ಕುಂಕುಮ. ಲೆನ್ಸ್ ತೆಗೆದ ಬಾಡಿ ಬಾಯಿ ತೆರೆದು ಮೇಲೆ ನೋಡುತ್ತಿತ್ತು. ಕರೆಂಟ್ ಹೋಗಿತ್ತು. ಆರತಿ ಎತ್ತುವ ಹೊತ್ತಿಗೆ ಸರಿಯಾಗಿ ಬಂತು. ಮೇಲಿನ ಫ್ಯಾನ್ ತಿರುಗಿತು, ಬಟ್ಟಲಿನ ಕುಂಕುಮ ಎದ್ದು ನಮ್ಮೆಲ್ಲರ ಮೇಲೂ ಬಿತ್ತು. ಶುಭಶಕುನ ಎಂದೆ. ಹಳೆಯ ಕ್ಯಾಮೆರಾದಲ್ಲಿ ಒಳಗಿನ ಕನ್ನಡಿಯೂ ಅದರ ಹಿಂದಿನ ಪರದೆಯೂ ಬಾಗಿಲಿನಂತೆ ಅಡ್ಡ ನಿಂತು ಕಾಯುತ್ತಿದ್ದವು. ಇದರಲ್ಲಿ ಕನ್ನಡಿ ಇಲ್ಲ, ಪರದೆ ತೆರೆದೇ ಇರುತ್ತದೆ. ಚಿತ್ರ ಮೂಡುವ ಸೆನ್ಸರ್ ಬೀದಿಗೆ ಬಿದ್ದಂತೆಯೇ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಅದೇ ವಾರ ನಾಲ್ಕು ಜನರಿಗೆ ನಾನೇ ಭಾಷಣ ಮಾಡಿದ್ದೆ. ಪೂಜೆಯ ತಟ್ಟೆ ಕಂಡ ಕೂಡಲೇ ಗೊತ್ತಿದ್ದದ್ದೆಲ್ಲ ಮರೆತುಹೋಯಿತು.

ಬೇಸಿಗೆ ಬಂತು, ಹೊಳೆ ಇಳಿಯಿತು, ದಿಬ್ಬ ಎದ್ದಿತು, ಹಕ್ಕಿಗಳೂ ಬಂದವು. ಟೀಚರ್ ದಿನಾ ದಡಕ್ಕೆ ಹೋಗಿ ಕೈ ಪಳಗಿಸುತ್ತಿದ್ದರು. ಹಳೆಯ ಲಂಗದ ಬಟ್ಟೆಯಲ್ಲಿ ಒಂದು ಚೀಲ ಹೊಲಿದು ಮೆಕ್ಕೆಜೋಳ ತುಂಬಿ, ಕಲ್ಲಿನ ಮೇಲಿಟ್ಟು, ಅದರ ಮೇಲೆ ಲೆನ್ಸ್ ಮಲಗಿಸುತ್ತಿದ್ದರು. ಕೈ ಎಷ್ಟು ನಡುಗಿದರೂ ಚೀಲ ನುಂಗಿಕೊಳ್ಳುತ್ತಿತ್ತು. ಹಾರುವ ಹಕ್ಕಿ, ಕುಳಿತ ಹಕ್ಕಿ ಎಲ್ಲ ತೆಗೆದರು. ಕುಂಕುಮ ಅವರಿಗೂ ಕಾಣಲಿಲ್ಲ, ಯಾಕೆಂದರೆ ಅವರು ಕಿಂಡಿಯನ್ನು ನಾನು ಹೇಳಿದಂತೆ ಪೂರ್ತಿ ತೆರೆದು ಇಟ್ಟಿದ್ದರು. ಕಿಂಡಿ ದೊಡ್ಡದಿದ್ದರೆ ಸೆನ್ಸರ್ ಮೇಲಿನ ಕಸ ಕರಗಿದಂತಾಗಿ ಚಿತ್ರದಲ್ಲಿ ಕಾಣುವುದಿಲ್ಲ. ಕಿರಿದು ಮಾಡಿದಷ್ಟೂ ಎದ್ದು ಕಾಣುತ್ತದೆ.

ಸೋಮವಾರ ಟ್ರ್ಯಾಕ್ಟರ್ ಇಳಿಯುತ್ತದೆ ಎಂಬ ಸುದ್ದಿ ಶುಕ್ರವಾರ ಬಂತು. ಟೀಚರಿಗೆ ಮೊದಲ ಸಲ ತಮ್ಮ ಕೈಯ ಮೇಲೆ ಅನುಮಾನ ಬಂತು. ಮುಖ್ಯವಾದ ಫೋಟೊ ನೀವೇ ತೆಗೆಯಿರಿ, ನಿಮಗೆ ಅನುಭವವಿದೆ ಎಂದರು. ಹೌದು, ಇತ್ತು.

ಶನಿವಾರ ಬೆಳಿಗ್ಗೆ ಆರಕ್ಕೆ ದಡದಲ್ಲಿದ್ದೆವು. ಐದು ಕಡೆ ಹಕ್ಕಿ ಕೂತಿದ್ದವು, ಒಂದರ ಹಿಂದೆ ಒಂದು. ನನ್ನ ಕಣ್ಣಿಗೆ ಅದು ಹಕ್ಕಿಗಳ ಹಾಗೆ ಕಾಣಲಿಲ್ಲ, ಮುಂದಿನ ಸಾಲು ಹಿಂದಿನ ಸಾಲು ಮಾಡಿಕೊಂಡು ಕೂತ ಬೀಗರ ಹಾಗೆ ಕಂಡಿತು. ಹಿಂದಿನ ಸಾಲಿನ ಸೋದರಮಾವ ನೆನಪಾದ. ಬೆರಳು ತಾನಾಗಿಯೇ ಕಿಂಡಿಯನ್ನು ಹದಿನಾರಕ್ಕೆ ತಿರುಗಿಸಿತು. ಎರಡು ಗಂಟೆ ಕಾದ ಮೇಲೆ ಒಂದು ಕಾಗೆ ದಿಬ್ಬದ ಮೇಲೆ ಬಂತು. ಐದೂ ಹಕ್ಕಿ ಒಮ್ಮೆಗೇ ಎದ್ದು ಅದನ್ನು ಅಟ್ಟಿಸಿಕೊಂಡು ಹೋದವು. ಅರ್ಧ ನಿಮಿಷ. ದಿಬ್ಬದ ಉದ್ದಕ್ಕೂ ಲೆನ್ಸ್ ಸರಿಸುತ್ತ ಮೂವತ್ತು ನಲವತ್ತು ಫೋಟೊ ತೆಗೆದೆ. ಹಕ್ಕಿಗಳು ಬಂದು ಮತ್ತೆ ಕೂತವು.

ಫೋಟೊಗಳನ್ನು ಜೊತೆಗೆ ತಂದಿದ್ದ ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಕಾರ್ಡ್ ಅವರ ಕ್ಯಾಮೆರಾದಲ್ಲೇ ಬಿಟ್ಟು ಚನ್ನಗಿರಿಗೆ ಬಂದೆ. ಮಧ್ಯಾಹ್ನ ಊಟ ಮಾಡಿ ತೆರೆದು ನೋಡಿದರೆ ಚಿತ್ರದ ತುಂಬ ಚುಕ್ಕೆ. ಆಕಾಶದಲ್ಲಿ, ನೀರಿನಲ್ಲಿ, ಮರಳಿನಲ್ಲಿ. ಕುಂಕುಮ ಎಂದು ತಕ್ಷಣ ಗೊತ್ತಾಯಿತು. ಬಹಳ ನಾಚಿಕೆಯಾಯಿತು. ಟೀಚರಿಗೆ ಫೋನ್ ಮಾಡಿ ಹೇಳಬೇಕಿತ್ತು. ಹೇಳಲಿಲ್ಲ. ಇಂಥ ಚುಕ್ಕೆ ನನಗೆ ಹೊಸದೇ, ಎಷ್ಟು ಮುಖ ತೊಳೆದಿಲ್ಲ ಎಂದುಕೊಂಡು ಐದೂ ಜಾಗ ಒಟ್ಟಿಗೇ ಬಂದ ಒಳ್ಳೆಯ ಫೋಟೊ ಒಂದನ್ನು ಆರಿಸಿ ಮೌಸ್ ಹಿಡಿದೆ. ಸಾಯಂಕಾಲದ ಚಹಾದವರೆಗೆ ಕುಳಿತು ಒಂದೊಂದೇ ಚುಕ್ಕೆ ಅಳಿಸಿದೆ. ನಡ ಹಿಡಿದುಕೊಂಡಿತು, ಆದರೆ ಮರಳು ಮದುಮಗಳ ಕೆನ್ನೆಯ ಹಾಗೆ ಬಂತು. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಲಕೋಟೆಯಲ್ಲಿಟ್ಟು ಅಂಟಿಸಿ, ನೆಮ್ಮದಿಯಾಗಿ ಮಲಗಿದೆ.

ಭಾನುವಾರ ಬೆಳಿಗ್ಗೆ ಟೀಚರೂ ನಾನೂ ಮಂಜನ ಅಂಗಡಿಗೆ ಹೋದೆವು. ಅವನು ಕುರ್ಚಿ ಒರೆಸಿ ಕೂರಿಸಿ ಟೀ ತರಿಸಿದ. ಟೀಚರ್ ನಾನು ಕೊಟ್ಟ ಲಕೋಟೆಯನ್ನು ಅವನ ಎದುರಿಗೇ ಒಡೆಯಬೇಕೆಂದು ನೋಡದೆ ಇಟ್ಟುಕೊಂಡಿದ್ದರು. ಒಡೆದು, ಫೋಟೊ ಮೇಜಿನ ಮೇಲೆ ಹರಡಿ, ನಡುಗುವ ಬೆರಳನ್ನು ಮರಳಿನ ಮೇಲೆ ಇಟ್ಟರು. ಬೆರಳು ಅತ್ತ ಹೋಯಿತು, ಇತ್ತ ಬಂತು, ಎಲ್ಲೂ ನಿಲ್ಲಲಿಲ್ಲ. ಮಂಜ ಬಗ್ಗಿ ನೋಡಿದ. ದಿಬ್ಬದ ಮೇಲೆ ಒಂದು ಕಡ್ಡಿಯೂ ಇರಲಿಲ್ಲ.

"ನಾನು ಹೇಳಿದ್ದು ಇದನ್ನೇ ಅಲ್ಲೇನ್ರಿ ಟೀಚರ್," ಎಂದ, ಮೆಲ್ಲಗೆ. ಅವರನ್ನು ನೋಯಿಸುವ ಮನಸ್ಸು ಅವನಿಗಿರಲಿಲ್ಲ.

ಟೀಚರ್ ನನ್ನ ಕಡೆ ತಿರುಗಿದರು. ಆಗ ನನಗೆ ಹೊಳೆಯಿತು ನಾನು ಏನು ಮಾಡಿದ್ದೇನೆಂದು. ಕುಂಕುಮದ ಚುಕ್ಕೆಯಷ್ಟೇ ಗಾತ್ರ ಮೊಟ್ಟೆಯದೂ. ಮೂರು ಗಂಟೆ ಕೂತು ನಾನು ಎರಡನ್ನೂ ಅಳಿಸಿದ್ದೆ. ಟ್ರ್ಯಾಕ್ಟರ್ ನಾಳೆ ಮಾಡಬೇಕಿದ್ದ ಕೆಲಸವನ್ನು ನಾನು ನಿನ್ನೆಯೇ ಮುಗಿಸಿದ್ದೆ.

ಸುಳ್ಳು ಹೇಳುವುದಕ್ಕೆ ಬಾಯಿ ಬರಲಿಲ್ಲ. ಪೂಜೆ, ಫ್ಯಾನ್, ಹದಿನಾರು, ಟಚಿಂಗ್, ಎಲ್ಲ ಹೇಳಿದೆ. ಮೊಟ್ಟೆ ಇದ್ದವು, ನಾನೇ ತೆಗೆದುಬಿಟ್ಟೆ ಎಂದೆ. ಮಂಜ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಅಳಿಸಾಕೆ ಬರೋರಿಗೆ ಹಾಕಾಕೂ ಬರ್ತೈತೆ. ಈಗ ನೀವು ಮೊಟ್ಟೆ ಇರೋ ಫೋಟೊ ತಂದ್ರೂ ನಾನು ಹೆಂಗೆ ನಂಬ್ಲಿ ಹೇಳ್ರಿ."

ಅವನು ಹೇಳಿದ್ದು ನ್ಯಾಯ. ನನ್ನ ಆಲ್ಬಮ್ ನಂಬಿ ಕೆಟ್ಟವರೆಲ್ಲ ಕೇಳಬೇಕಿದ್ದ ಪ್ರಶ್ನೆಯನ್ನು ಸಿಮೆಂಟ್ ಅಂಗಡಿಯ ಮಂಜ ಕೇಳಿದ್ದ. ಐದು ಜೊತೆ ಹಕ್ಕಿಗಳ ಸಂಸಾರವನ್ನು ಒಂದು ಮೌಸ್ ಹಿಡಿದು ಮುಗಿಸಿದೆನಲ್ಲ ಎಂದು ಅಳು ಬರುವಂತಾಯಿತು.

ಟೀಚರ್ ತಮ್ಮ ಚೀಲದಿಂದ ಕ್ಯಾಮೆರಾ ತೆಗೆದರು. ಕಾರ್ಡ್ ಅದರಲ್ಲೇ ಇತ್ತು. ಅದರ ಬೆನ್ನಿನ ಪುಟ್ಟ ಸ್ಕ್ರೀನಿನಲ್ಲಿ ನಿನ್ನೆಯ ಫೋಟೊ ಒಂದನ್ನು ತೆರೆದರು, ಟಚಿಂಗ್ ಇಲ್ಲದ್ದು, ಚುಕ್ಕೆ ತುಂಬಿದ್ದು.

"ಮಂಜ, ಎದ್ದು ಇಲ್ಲಿ ಬಾ."

ಮಂಜ ಎದ್ದು ಬಂದ. ಕೈಗಳು ತಾವಾಗಿಯೇ ಕಟ್ಟಿಕೊಂಡವು. ಅವನಿಗೆ ಈಗ ನಲವತ್ತರ ಹತ್ತಿರ. ಯಾವುದಾದರೂ ಒಂದು ಚುಕ್ಕೆಯ ಮೇಲೆ ಬೆರಳಿಡು, ತೆಗೆಯಬೇಡ ಎಂದರು. ಇಟ್ಟ. ಟೀಚರ್ ಮುಂದಿನ ಫೋಟೊಕ್ಕೆ ಹೋದರು. ಅದರಲ್ಲಿ ದಿಬ್ಬ ಸ್ವಲ್ಪ ಎಡಕ್ಕೆ ಸರಿದಿತ್ತು. ಅವನ ಬೆರಳ ಕೆಳಗಿನ ಚುಕ್ಕೆ ಸರಿದಿರಲಿಲ್ಲ. ಇನ್ನೊಂದು ಫೋಟೊ. ಆಗಲೂ ಅಲ್ಲೇ. ಬೇರೆ ಚುಕ್ಕೆಗೆ ಬೆರಳಿಡಿಸಿದರು. ಮುಂದಿನ ಫೋಟೊದಲ್ಲಿ ಅದು ಬೆರಳು ಬಿಟ್ಟು ಮರಳಿನ ಜೊತೆ ಎಡಕ್ಕೆ ಹೋಗಿತ್ತು, ಪಕ್ಕದ ಇನ್ನೆರಡನ್ನೂ ಕರೆದುಕೊಂಡು.

"ಎಲ್ಲಾ ಫೋಟೊದಾಗೂ ಇದ್ದಲ್ಲೇ ಇರೋದು ಹಾಲೇಶಪ್ಪನೋರ ಕುಂಕುಮ. ಮರಳಿನ ಜೊತೆ ಸರಿಯೋದು ಏನು? ನಾನು ಹೇಳಾಕಿಲ್ಲ. ನೀನೇ ಹೇಳು."

ಮಂಜ ಕ್ಯಾಮೆರಾವನ್ನು ತಾನೇ ಇಸಿದುಕೊಂಡ. ಫೋಟೊ ಹಿಂದಕ್ಕೆ ಮುಂದಕ್ಕೆ ಮಾಡುತ್ತ, ಬೆರಳು ಇಟ್ಟು ತೆಗೆದು, ತುಟಿ ಅಲ್ಲಾಡಿಸುತ್ತ ಎಣಿಸತೊಡಗಿದ. ಸಿಮೆಂಟ್ ಕೇಳಿಕೊಂಡು ಬಂದವರನ್ನು ಕೈಸನ್ನೆಯಲ್ಲೇ ನಿಲ್ಲಿಸಿದ. ಒಮ್ಮೆ ಲೆಕ್ಕ ತಪ್ಪಿ ಮೊದಲಿನಿಂದ ಶುರು ಮಾಡಿದ. ಟೀಚರ್ ಒಂದು ಮಾತೂ ಆಡದೆ ಕಾದರು. ಉತ್ತರ ಬಾಯಿಗೆ ಬಂದರೂ ಹೇಳಿಕೊಡದೆ ಕೂರುವುದು ನನಗೆ ಈ ಜನ್ಮದಲ್ಲಿ ಸಾಧ್ಯವಿಲ್ಲ.

"ಹನ್ನೊಂದು," ಎಂದ ಮಂಜ. ಆಮೇಲೆ, "ಒಂದು ಟೀಮೇ ಐತಲ್ರಿ ಟೀಚರ್."

ಹೋದ ವರ್ಷವೂ ಇಷ್ಟೇ ಇದ್ದವಾ ಎಂದು ಕೇಳಿದ. ಟೀಚರ್ ಬೆಂಕಿಪೊಟ್ಟಣ ತಂದಿದ್ದರು, ನನಗೆ ಗೊತ್ತಿತ್ತು. ಅದನ್ನು ಅವರು ಹೊರಗೆ ತೆಗೆಯಲಿಲ್ಲ. ಮಂಜ ಫೋನ್ ಹಚ್ಚಿ ಟ್ರ್ಯಾಕ್ಟರಿನವನಿಗೆ ನಾಳೆ ಹೊಳೆಗೆ ಬರಬೇಡ, ನಮ್ಮ ಚಿಕ್ಕಪ್ಪನ ಖಾಲಿ ಹೊಲಕ್ಕೆ ಬಾ ಎಂದ. ಆ ಕಡೆಯವನು ಯಾಕೆ ಎಂದು ಕೇಳಿರಬೇಕು. ಹೊಳೆಯಲ್ಲಿ ಬೇರೆ ಟೀಮ್ ಇಳಿದಿದೆ ಎಂದು ಹೇಳಿ ಇಟ್ಟ.

ಆ ಸಲದ ಟೂರ್ನಮೆಂಟಿನಲ್ಲಿ ಚೆಂಡು ಪದೇ ಪದೇ ಬೇಲಿಮುಳ್ಳಿಗೆ ಬಿದ್ದು, ಹುಡುಗರು ನನ್ನನ್ನೂ ಟೀಚರನ್ನೂ ಬೈದುಕೊಂಡೇ ಆಡಿದರು. ಕ್ಯಾಮೆರಾವನ್ನು ನಾನು ಬೋರಲು ಹಿಡಿದು ರಬ್ಬರ್ ಬುಡ್ಡಿಯಿಂದ ಗಾಳಿ ಊದಿ ಕುಂಕುಮ ಉದುರಿಸಿದೆ. ಒಂದೆರಡು ಕಣ ಈಗಲೂ ಅಂಟಿಕೊಂಡಿವೆ, ಟೀಚರ್ ಬಿಡಿ, ಇರಲಿ ಎಂದರು. ಮರಿಗಳ ಫೋಟೊ ಟೀಚರೇ ತೆಗೆದರು, ಜೋಳದ ಚೀಲದ ಮೇಲೆ ಲೆನ್ಸ್ ಇಟ್ಟುಕೊಂಡು, ಕಿಂಡಿ ಪೂರ್ತಿ ತೆರೆದು. ನನ್ನನ್ನು ಕರೆಯಲಿಲ್ಲ.

ಮಳೆ ಬಂದು ದಿಬ್ಬ ಮುಳುಗಿದ ಮೇಲೆ ನನ್ನ ಮನೆಗೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಮರಿಗಳ ಫೋಟೊ ಇರುತ್ತದೆ ಎಂದುಕೊಂಡು ಒಡೆದೆ. ನಾನು ಟಚಿಂಗ್ ಮಾಡಿದ ಅದೇ ಪ್ರಿಂಟ್. ಹಿಂಬದಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: ಅಕ್ಷರ ದುಂಡಗಿದೆ, ಉತ್ತರವನ್ನೇ ಅಳಿಸಿದ್ದೀರಿ, ಹತ್ತಕ್ಕೆ ಸೊನ್ನೆ. ತಿರುಗಿಸಿ ನೋಡಿದೆ. ಮದುಮಗಳ ಕೆನ್ನೆಯಂಥ ಆ ಮರಳಿನ ಮೇಲೆ, ಎಲ್ಲೆಲ್ಲಿ ನಾನು ಅಳಿಸಿದ್ದೆನೋ ಅಲ್ಲಲ್ಲೇ, ಟೀಚರ್ ಕೆಂಪು ಶಾಯಿಯಲ್ಲಿ ಮೊಟ್ಟೆಗಳನ್ನು ಮತ್ತೆ ಬರೆದಿದ್ದರು. ಗೆರೆಗಳು ನಡುಗಿದ್ದವು. ಮೊಟ್ಟೆಗಳು ಹನ್ನೊಂದೂ ಇದ್ದವು.